ಗಾಲೆ ಸಹಿ ಇದ್ದರೆ ಹೂದಾನಿ ಅಸಲಿ ಅಂತ ನಂಬಬಹುದಾ?

ಹಳೆಯ ಆರ್ಟ್ ಗ್ಲಾಸ್ ಸಂಗ್ರಹಿಸಲು ಈಗಷ್ಟೇ ಶುರು ಮಾಡಿದ್ದೀರಿ. ಗಾಲೆ ಸಹಿ ಇರುವ ಹೂದಾನಿಯೊಂದು ಕಣ್ಣಿಗೆ ಬಿದ್ದಿದೆ, ಸಹಿ ನೋಡಿ ಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನಾದರೆ ಸಹಿಯನ್ನು ಕೊನೆಗೆ ನೋಡುತ್ತೇನೆ. ಗಾಜಿನ ಮೇಲೆ ಹೆಸರು ಬರೆಯೋದು ಏನೂ ಕಷ್ಟವಲ್ಲ.

ಎಮಿಲ್ ಗಾಲೆ ಫ್ರಾನ್ಸಿನ ನ್ಯಾನ್ಸಿ ಊರಿನ ಗಾಜಿನ ಕಲಾವಿದರು, ತೀರಿಕೊಂಡಿದ್ದು 1904ರಲ್ಲಿ. ಅವರ ಕಾರ್ಖಾನೆ ಆಮೇಲೂ 1930ರ ದಶಕದವರೆಗೆ ನಡೆಯಿತು. ಅವರು ಹೋದ ಮೇಲೆ ಕೆಲವು ವರ್ಷ ಸಹಿಯ ಪಕ್ಕ ಒಂದು ಪುಟ್ಟ ನಕ್ಷತ್ರ ಹಾಕುತ್ತಿದ್ದರು. ನಕ್ಷತ್ರ ಇರುವ ಹೂದಾನಿಯನ್ನು 'ಗಾಲೆ ಇದ್ದಾಗಲೇ ಮಾಡಿದ್ದು' ಅಂತ ಮಾರುವವರಿದ್ದಾರೆ, ಹುಷಾರು. ಇನ್ನು ರೊಮೇನಿಯಾದಲ್ಲಿ ಇತ್ತೀಚೆಗೆ ತಯಾರಾದ ಮಾದರಿಗಳ ಮೇಲೆ ಗಾಲೆ ಹೆಸರಿನ ಜೊತೆ 'ಟಿಪ್' (TIP, ಅಂದರೆ 'ಆ ಮಾದರಿಯದು') ಅಂತಲೂ ಇರುತ್ತದೆ. ಆ ಮೂರಕ್ಷರವನ್ನು ಉಜ್ಜಿ ಅಳಿಸಿಬಿಟ್ಟರೆ ಉಳಿಯೋದು ಬರೀ ಗಾಲೆ! ಸಹಿಯ ಆಚೀಚೆ ಬೆರಳಾಡಿಸಿ ನೋಡಿ, ತಗ್ಗು ಸಿಗುತ್ತದಾ ಅಂತ.

ನಿಜವಾದ ಪರೀಕ್ಷೆ ಹೂದಾನಿಯ ಮೇಲಿನ ಚಿತ್ರದಲ್ಲಿದೆ. ಗಾಲೆಯವರ ಕ್ಯಾಮಿಯೋ ಗಾಜಿನಲ್ಲಿ ಬೇರೆ ಬೇರೆ ಬಣ್ಣದ ಪದರಗಳು ಒಂದರ ಮೇಲೊಂದು ಕೂತಿರುತ್ತವೆ. ಉಳಿಯಬೇಕಾದ ಎಲೆ, ಹೂವಿನ ಮೇಲೆ ಆಸಿಡ್ ತಾಗದಂಥ ಲೇಪ ಬಳಿಯುತ್ತಾರೆ. ಮಿಕ್ಕಿದ್ದನ್ನು ಹೈಡ್ರೋಫ್ಲೋರಿಕ್ ಆಸಿಡ್ ತಿಂದುಹಾಕುತ್ತದೆ. ಒಳ್ಳೆಯ ಹೂದಾನಿಗಳಿಗೆ ಹೀಗೆ ಹಲವು ಸಲ ಮಾಡಿರುತ್ತಾರೆ. ಬೆಳಕಿಗೆ ಹಿಡಿದರೆ ಒಂದೇ ಎಲೆಯಲ್ಲಿ ಬಣ್ಣ ಎಲ್ಲೋ ದಟ್ಟ, ಎಲ್ಲೋ ತೆಳು, ನರಗಳೂ ಕಾಣುತ್ತವೆ. ನಾನು ನೋಡಿದ ಎಷ್ಟೋ ನಕಲುಗಳಲ್ಲಿ ಎಲೆ ಸುಮ್ನೆ ಕತ್ತರಿಸಿ ಅಂಟಿಸಿದ ಹಾಗೆ ಚಪ್ಪಟೆ.

ಆಮೇಲೆ ಹೂದಾನಿ ಮಗುಚಿ, ತಳವನ್ನು ಭೂತಗನ್ನಡಿಯಲ್ಲಿ ನೋಡಿ. ದಶಕಗಟ್ಟಲೆ ಕಪಾಟಿನಲ್ಲಿ ಕೂತ ಗಾಜಿಗೆ ನೆಲ ತಾಗುವ ಕಡೆ ಮಾತ್ರ ಸಣ್ಣ ಗೀರುಗಳಾಗುತ್ತವೆ, ಅವೂ ದಿಕ್ಕು ದಿಕ್ಕಿಗೆ. ಗೀರುಗಳೆಲ್ಲ ಒಂದೇ ಕಡೆ ಸಾಲಾಗಿ ಹೋಗಿದ್ದರೆ, ಅದು ಮರಳು ಕಾಗದದ ಕೆಲಸ. ಬಾಯಂಚೂ ಮುಖ್ಯ. ಮುಕ್ಕಾದ ಅಂಚನ್ನು ಸಾಣೆ ಹಿಡಿದು ತಗ್ಗಿಸಿದ್ದರೆ ಮೇಲಿನ ಹೂವೋ ಕೊಂಬೆಯೋ ಅರ್ಧಕ್ಕೇ ನಿಂತಿರುತ್ತದೆ. ಒಳಗೆ ತೊಳೆದರೂ ಹೋಗದ ಮಬ್ಬಿದ್ದರೆ ಗಾಜೇ ಕೆಟ್ಟಿದೆ ಅಂತ. ಅದನ್ನು ಮುಚ್ಚಲು ಎಣ್ಣೆ ಸವರುವವರೂ ಇದ್ದಾರೆ, ಆದ್ದರಿಂದ ಒಣಗಿದ ಬಟ್ಟೆಯಿಂದ ಒಳಗೆ ಒರೆಸಿ ನೋಡಿ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಇದ್ದರೆ ಅಂಟು ಹಾಕಿದ ಜಾಗ ಎಷ್ಟೋ ಸಲ ಹೊಳೆದು ಗೊತ್ತಾಗುತ್ತದೆ. ಆದರೆ ಗಾಜೇ ಹಸಿರಾಗಿ ಹೊಳೆದರೆ ಹಳೆಯದು ಅಂತ ಖುಷಿಪಡಬೇಡಿ, ಹಾಗೆ ಹೊಳೆಯುವ ಯುರೇನಿಯಂ ಗಾಜನ್ನು ಈಗಲೂ ಮಾಡುತ್ತಾರೆ.

ಮೊದಲ ಖರೀದಿಗೇ ಗಾಲೆ ಯಾಕೆ ಅನ್ನೋದು ನನ್ನ ಪ್ರಶ್ನೆ. ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಲೋಟ್ಸ್ ಕಾರ್ಖಾನೆಯ, ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುವ ಗಾಜು ನೋಡಿದ್ದೀರಾ? ಅದರಲ್ಲಿ ಜಾಸ್ತಿ ಪಾಲಿಗೆ ಸಹಿಯೇ ಇಲ್ಲ. ಹೆಸರು ಇಲ್ಲದ್ದನ್ನು ಕೊಳ್ಳುವಾಗ ಗಾಜನ್ನೇ ನೋಡಿ ಕಲಿಯಬೇಕಾಗುತ್ತದೆ. (ಅಂಥದ್ದರ ತಳಕ್ಕೆ ಅಮೆರಿಕದ ಹೆಸರಾಂತ ಗಾಜು ತಯಾರಕ ಟಿಫಾನಿಯ ಸಹಿ ಕೆತ್ತಿ ಮಾರುವ ಮಹಾನುಭಾವರೂ ಉಂಟು.)

ಸದ್ಯಕ್ಕೆ ಮಾರುವವರಿಂದ ತಳ, ಬಾಯಂಚು, ಸಹಿ ಇವುಗಳ ಹತ್ತಿರದ ಫೋಟೋ ಕೇಳಿ. ಹಿಂದಿನಿಂದ ಬೆಳಕು ಬಿಟ್ಟು ತೆಗೆದದ್ದೂ ಒಂದು ಇರಲಿ. ಬಂದರೆ ಇಲ್ಲೇ ಹಾಕಿ, ನೋಡೋಣ.