ನೆರೆ ಬಂದಾಗ ನಾಯಿ ಬಿಚ್ಚಿ ಬಿಟ್ಟರೆ ಸಾಕಾ?

ಪ್ರಶ್ನೆ: ಕಾರವಾರದ ಹತ್ತಿರ, ಕಾಳಿ ನದಿಯಿಂದ ಸ್ವಲ್ಪವೇ ದೂರದಲ್ಲಿ ನಾಯಿಗಳ ಬೋರ್ಡಿಂಗ್ ನಡೆಸುತ್ತಿದ್ದೇವೆ. ಹನ್ನೆರಡು ಗೂಡುಗಳಿವೆ. ನೆರೆ ಬಂದರೆ ಬಾಗಿಲು ತೆಗೆದು ಬಿಟ್ಟರೆ ಸಾಕಲ್ವಾ? ನಾಯಿಗೆ ಹೇಗೂ ಈಜು ಬರುತ್ತದೆ.

ಉತ್ತರ: ಸಾಕಾಗುವುದಿಲ್ಲ. ಪ್ರತಿ ಜೂನ್‌ನಲ್ಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್ ನೀರಿಗೆ ಬಿದ್ದರೆ ಮುಳುಗುತ್ತವೆ. ಸೊಂಟ ನೋವಿನ ಮುದಿ ಲ್ಯಾಬ್ರಡಾರ್ ಸೆಳವಿನಲ್ಲಿ ಎಷ್ಟು ಹೊತ್ತು ತಡೆದೀತು? ಈಜಿ ದಡ ಸೇರಿದ ನಾಯಿಯೂ ಹೆದರಿ ಕಂಡ ಕಡೆ ಓಡುತ್ತದೆ. ನಿಮ್ಮದೇ ನಾಯಿಯಾದರೆ ಮನೆ ಹುಡುಕಿಕೊಂಡು ಬಂದೀತು. ಇದು ಬೇರೆಯವರು ನಂಬಿ ಬಿಟ್ಟುಹೋದ ನಾಯಿ. ಅದಕ್ಕೆ ನಿಮ್ಮ ಊರೇ ಗೊತ್ತಿಲ್ಲ.

ಕಾಳಿ ನದಿಯ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ 2019ರಲ್ಲೂ 2021ರಲ್ಲೂ ಕೆಳಗಿನ ಊರುಗಳು ಮುಳುಗಿದ್ದು ನಿಮಗೂ ನೆನಪಿರಬೇಕು. ನೀರು ಬಿಡುವ ಮೊದಲು ನದಿ ದಂಡೆಯವರಿಗೆ ಎಚ್ಚರಿಕೆ ಕೊಡುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ ನಾಯಿಗಳನ್ನು ಸಾಗಿಸಲು ಶುರು ಮಾಡಿ. ಅಂಗಳಕ್ಕೆ ನೀರು ಬರಲಿ, ನೋಡೋಣ ಎಂದು ಕೂರಬೇಡಿ.

ಲೆಕ್ಕ ಹಾಕಿ ನೋಡಿ. ಒಂದು ಓಮ್ನಿಯಲ್ಲಿ ಜಗಳವಾಡದ ನಾಲ್ಕು ನಾಯಿ ಹಿಡಿಸಬಹುದು. ಹನ್ನೆರಡಕ್ಕೆ ಮೂರು ಸುತ್ತು. ಸುತ್ತಿಗೆ ಮುಕ್ಕಾಲು ಗಂಟೆ ಅಂದರೂ ಎರಡು ಗಂಟೆ ದಾಟಿತು. ಅಷ್ಟು ಹೊತ್ತಿಗೆ ರಸ್ತೆ ಇರುತ್ತದೆಯೇ? ಅದಕ್ಕೇ ಮಳೆಗಾಲದಲ್ಲಿ ಒಂದೇ ಸುತ್ತಿಗೆ ಸಾಗಿಸುವಷ್ಟು ನಾಯಿ ಮಾತ್ರ ಇಟ್ಟುಕೊಳ್ಳಿ. ಆದಾಯ ಕಡಿಮೆಯಾಗುತ್ತದೆ, ಗೊತ್ತು. ಆದರೂ ನನ್ನ ಮಾತು ಇದೇ.

ಸಾಗಿಸುವುದು ಎಲ್ಲಿಗೆ? ಎತ್ತರದಲ್ಲಿರುವ ಪರಿಚಯದವರ ಕೊಟ್ಟಿಗೆಯೋ ಶೆಡ್ಡೋ ಈಗಲೇ ಮಾತಾಡಿಟ್ಟುಕೊಳ್ಳಿ. ಎರಡು ದಿಕ್ಕಿನಲ್ಲಿ ಎರಡು ಜಾಗ ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 6ರ ನಡುರಾತ್ರಿ ದಾಟಿ 7 ಶುರುವಾದ ಮೇಲೆ, ಸದಾಶಿವಗಡಕ್ಕೆ ದಾಟುವ ಕಾಳಿಯ ಹಳೆ ಸೇತುವೆಯೇ ಬಿತ್ತು. ಅಂಕೋಲಾ ಕಡೆ ಹೋಗುತ್ತೇವೆ, ಇಲ್ಲ ಸದಾಶಿವಗಡ ದಾಟುತ್ತೇವೆ ಎಂದು ಒಂದೇ ದಾರಿ ನಂಬಿ ಕೂರಬೇಡಿ.

ಹಗ್ಗ ಮತ್ತು ಬೆಲ್ಟ್ ಆಯಾ ಗೂಡಿನ ಬಾಗಿಲಲ್ಲೇ ನೇತಾಡುತ್ತಿರಲಿ. ಒಮ್ಮೆ ರಾತ್ರಿ ಒಂದು ಬೋರ್ಡಿಂಗ್‌ಗೆ ಹೋದಾಗ ನೀರು ಮೊಣಕಾಲಿಗೆ ಬಂದಿತ್ತು. ಬೆಲ್ಟ್‌ಗಳೆಲ್ಲ ಕಪಾಟಿನಲ್ಲಿ, ಕೀಲಿ ಹುಬ್ಬಳ್ಳಿಗೆ ಹೋದ ಮಾಲೀಕರ ಜೇಬಿನಲ್ಲಿ. ಮರದ ಬಾಗಿಲು ಮಳೆಗೆ ಉಬ್ಬಿ ಚಿಲಕ ಸರಿಯುತ್ತಿರಲಿಲ್ಲ. ಹಾರೆಯಿಂದ ಮೀಟಿ ತೆಗೆದೆವು. ಒಳಗಿದ್ದ ನಾಯಿ ನಡುಗುತ್ತಾ ನನ್ನ ಕೈ ಕಚ್ಚಿತು. ತಪ್ಪು ಅದರದ್ದಲ್ಲ.

ಪ್ರತಿ ನಾಯಿಯ ಫೋಟೊ, ಔಷಧಿ, ಮಾಲೀಕರ ನಂಬರ್, ಇಲ್ಲೇ ಇರುವ ಅವರ ನೆಂಟರ ನಂಬರ್, ಚಿಕಿತ್ಸೆಗೆ ಒಪ್ಪಿಗೆಯ ಸಹಿ, ಇಷ್ಟೂ ಒಂದು ಪ್ಲಾಸ್ಟಿಕ್ ಕವರಿನಲ್ಲಿರಲಿ. ಮೊಬೈಲಿನಲ್ಲೂ ಇರಲಿ. ಯಾರೋ ಹೇಳಿದರು ಎಂದು ನಿದ್ದೆ ಮಾತ್ರೆ ಕೊಟ್ಟು ಸಾಗಿಸಬೇಡಿ. ಅಮಲಿನಲ್ಲಿರುವ ನಾಯಿ ನೀರಿಗೆ ಬಿದ್ದರೆ ಮುಗಿಯಿತು. ಚಪ್ಪಟೆ ಮೂತಿಯವಕ್ಕೆ ಉಸಿರೇ ಕಟ್ಟಬಹುದು.

ಪ್ರಶ್ನೆ: ನೆರೆ ಇಳಿದ ಮೇಲೆ ನಾಯಿಗಳಿಗೆ ಇಲಿಜ್ವರದ ಲಸಿಕೆ ಹಾಕಿಸಬಹುದೇ?

ಉತ್ತರ: ಆಗ ತಡವಾಗಿರುತ್ತದೆ. ಮೊದಲ ಸಲವಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಆಮೇಲೆ ವರ್ಷಕ್ಕೊಮ್ಮೆ. ಮೇ ಮುಗಿಯುವುದರೊಳಗೆ ಹಾಕಿಸಿ. ಈ ರೋಗ ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ. ಗೂಡು ತೊಳೆಯುವವರಿಗೆ ಗಮ್‌ಬೂಟು, ಗ್ಲೌಸ್ ಕೊಡಿಸಿ.

ಪ್ರಶ್ನೆ: ನಾಯಿಗೆ ಹಾವು ಕಚ್ಚಿದರೆ ಬೆಳ್ಳುಳ್ಳಿ, ಅರಿಶಿನ ಹಚ್ಚಬಹುದೇ?

ಉತ್ತರ: ಬೇಡ. ಗಾಡಿ ಹತ್ತಿಸಿ ಆಸ್ಪತ್ರೆಗೆ ಒಯ್ಯಿರಿ. ಹಾವಿನ ವಿಷ ಇಳಿಸುವ ಮದ್ದು, ಆಂಟಿವೆನಮ್, ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಮಳೆಗೆ ನೆನೆಯುತ್ತದೆ ಎಂದು ಜನರೇಟರನ್ನು ಗೂಡುಗಳ ಪಕ್ಕದಲ್ಲೇ, ಒಳಗೆ ಇಡಬಹುದೇ?

ಉತ್ತರ: ಖಂಡಿತ ಬೇಡ. ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯೇ ಇಲ್ಲ. ನಾಯಿಗಳು ಮಲಗಿದಲ್ಲೇ ಸಾಯುತ್ತವೆ. ಹೊರಗೆ, ಕಿಟಕಿಗಳಿಂದ ದೂರ, ಬೇರೆಯೇ ಮಾಡು ಕಟ್ಟಿಸಿ ಅದರಡಿ ಇಡಿ.