ಪಾಠ ಪುಕ್ಕಟೆ, ಸರಿ. ಊಟ ಯಾರು ಹಾಕಬೇಕು?

(ಬಡ ಮಕ್ಕಳಿಗೆ ಪುಕ್ಕಟೆ ಸಂಗೀತ ಕಲಿಸುವ ಹುಬ್ಬಳ್ಳಿಯ ಒಂದು ತರಗತಿಯ ಬಗ್ಗೆ ಹೋದ ಸಂಚಿಕೆಯಲ್ಲಿ ಲೇಖನ ಬಂದಿತ್ತು. ಅದನ್ನು ಓದಿ ಹಾನಗಲ್ ತಾಲೂಕಿನ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಸಾರ ಇದು: "ಸಂಗೀತದಿಂದ ಸಮಾನತೆ ಬರುತ್ತದೆ ಅಂತ ಬರೆದಿದ್ದೀರಿ. ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಹಳ ಚಲೋ ಹಾಡುತ್ತಾಳೆ. ಅಪ್ಪ ಮದುವೆಗಳಲ್ಲಿ ಸನಾದಿ ಊದುತ್ತಾನೆ, ಅವ್ವ ಕೂಲಿಗೆ ಹೋಗುತ್ತಾಳೆ. ಪ್ರತಿಭಾ ಕಾರಂಜಿಯಲ್ಲಿ ತಾಲೂಕಿಗೇ ಫಸ್ಟ್ ಬಂದಳು. ಪೇಟೆಯ ಒಂದು ಕ್ಲಾಸಿನವರಿಗೆ ಹೇಳಿ ಫೀ ಮಾಫ್ ಮಾಡಿಸಿ ಸೇರಿಸಿದೆ. ಸಂಜೆ ಆರಕ್ಕೆ ಕ್ಲಾಸು, ಏಳಕ್ಕೆ ಊರಿನ ಕೊನೇ ಬಸ್ಸು. ಕ್ಲಾಸಿನ ಮಾಸ್ತರು, ಮನೆಯಲ್ಲಿ ಕಲಿತಿದ್ದೆಲ್ಲ ಮರೆತು ಬಾ ಅಂದರಂತೆ. ಒಂದು ತಿಂಗಳಿಗೇ ಬಿಟ್ಟಳು. ಕೇಳಿದರೆ ಸುಮ್ಮನೆ ನಿಲ್ಲುತ್ತಾಳೆ. ಬಡವರ ಮಕ್ಕಳಿಗೆ ಬೇಕಾದದ್ದು ಇಂಗ್ಲಿಷ್, ಕಂಪ್ಯೂಟರ್. ರಾಗ, ತಾಳ ಎಲ್ಲ ಹೊಟ್ಟೆ ತುಂಬಿದವರಿಗೆ. ನಾನು ಹೇಳೋದು ತಪ್ಪಾ?")

ಅಕ್ಕೋರೆ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಆ ಹುಡುಗಿಯ ಮೇಲಿನ ಕಾಳಜಿಯಿಂದ ಬಂದ ಸಿಟ್ಟು ಅದು. ಹಾಗಾಗಿ ನಾಲ್ಕು ಸಾಲು ಬರೆದು ಮುಗಿಸುವ ಮನಸ್ಸಾಗಲಿಲ್ಲ.

ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ರಾಗ, ತಾಳ ಹೊಟ್ಟೆ ತುಂಬಿದವರಿಗೆ ಅಂದಿರಿ. ನೀವು ಹಾನಗಲ್ ತಾಲೂಕಿನವರು. ಕಾಡಶೆಟ್ಟಿಹಳ್ಳಿ ನಿಮ್ಮ ತಾಲೂಕಿನದೇ ಊರು. 1892ರಲ್ಲಿ ಅಲ್ಲೊಂದು ಬಡ ಮನೆಯಲ್ಲಿ ಗದಿಗೆಯ್ಯ ಅನ್ನುವ ಹುಡುಗ ಹುಟ್ಟಿದ. ಅವನಿಗೂ ಕಣ್ಣಿಲ್ಲ, ಅವನ ಅಣ್ಣನಿಗೂ ಕಣ್ಣಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಆ ಹುಡುಗನ ದನಿ ಕೇಳಿ ಸಂಗೀತಕ್ಕೆ ಹಚ್ಚಿದರು. ಅವರೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಕಲಿತ ಮೇಲೆ ಅವರು ದೊಡ್ಡ ಊರುಗಳಲ್ಲಿ ಕಚೇರಿ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಅದನ್ನು ಬಿಟ್ಟು ತಮ್ಮಂತೆ ಕಣ್ಣಿಲ್ಲದ ಮಕ್ಕಳನ್ನು, ಅಪ್ಪ ಅವ್ವ ಇಲ್ಲದವರನ್ನು, ಮನೆಯಲ್ಲಿ ಗಂಜಿಗೂ ಗತಿ ಇಲ್ಲದವರನ್ನು ಜೊತೆಗೆ ಕಟ್ಟಿಕೊಂಡು ಊರೂರು ತಿರುಗುತ್ತಾ ಪಾಠ ಹೇಳಿದರು. ಆಮೇಲೆ ಆ ಪಾಠಶಾಲೆ ಗದುಗಿನಲ್ಲಿ ನೆಲೆ ನಿಂತಿತು. ಅದೇ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಗುರುಗಳು ಹೋದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರ ತನಕ ಅದನ್ನು ನಡೆಸಿದರು. ಅವರೂ ಹಾವೇರಿ ಜಿಲ್ಲೆಯವರೇ, ಎಳೆಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು.

ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೂ ಯಾಕೆ ಹೇಳಿದೆ ಅಂದರೆ, ಪುಣ್ಯಾಶ್ರಮದ ಬಗ್ಗೆ ಮಾತಾಡುವಾಗ ನಾವು ಗುರುಗಳ ತಪಸ್ಸು, ಭಕ್ತಿ, ಪವಾಡ ಇಷ್ಟನ್ನೇ ಹೇಳಿ ಕೈಮುಗಿದು ಬಿಡುತ್ತೇವೆ. ಅಲ್ಲಿ ಏನು ಮಾಡಿದರು, ಯಾವುದನ್ನು ಮೊದಲು ಮಾಡಿದರು ಅನ್ನೋದನ್ನು ನೋಡುವುದಿಲ್ಲ. ಅಲ್ಲಿ ಮಗುವಿಗೆ ಮೊದಲು ಸಿಕ್ಕಿದ್ದು ಊಟ. ಆಮೇಲೆ ಮಲಗಲು ಜಾಗ. ಆಮೇಲೆ ಸಾ ರಿ ಗ ಮ. ಆ ಊಟಕ್ಕೆ ದುಡ್ಡು ಸುಮ್ನೆ ಬರಲಿಲ್ಲ. ಜೋಳಿಗೆ ಹಿಡಿದರು. ನಾಟಕ ಕಂಪನಿ ಕಟ್ಟಿ, ಟೆಂಟ್ ಹೊಡೆದು, ಟಿಕೆಟ್ ಮಾರಿ, ಬಂದ ದುಡ್ಡನ್ನು ಮಕ್ಕಳ ಅನ್ನಕ್ಕೆ ಹಾಕಿದರು. ಪುಟ್ಟರಾಜರಿಗೆ ಊರೂರಲ್ಲಿ ತುಲಾಭಾರ ಮಾಡಿದರಲ್ಲ, ಆ ದುಡ್ಡೂ ಅಲ್ಲಿಗೇ ಹೋಯಿತು. ಇವತ್ತಿಗೂ ರೈತರು ಸುಗ್ಗಿಯಲ್ಲಿ ಜೋಳದ ಚೀಲ ತಂದು ಇಳಿಸಿ ಹೋಗುತ್ತಾರೆ.

ಅಲ್ಲಿಂದ ಬಂದವರಲ್ಲಿ ಪಂಡಿತ ವೆಂಕಟೇಶ ಕುಮಾರ ಅವರನ್ನೇ ನೋಡಿ. ಬಳ್ಳಾರಿ ಕಡೆಯ ಲಕ್ಷ್ಮೀಪುರದವರು, ತಂದೆ ಜನಪದ ಹಾಡುಗಾರರು. ಹುಡುಗ ಆಶ್ರಮದಲ್ಲಿ ಹನ್ನೆರಡು ವರ್ಷ ಇದ್ದು ಕಲಿತ. 2016ರಲ್ಲಿ ಪದ್ಮಶ್ರೀ ಬಂತು. ಹನ್ನೆರಡು ವರ್ಷ ಅಂದರೆ ಎಷ್ಟು ಹೊತ್ತಿನ ಊಟ ಅಂತ ಲೆಕ್ಕ ಹಾಕಿ ಅಕ್ಕೋರೆ. ಆ ಊಟ ಇಲ್ಲದೆ ಆ ಗಾಯನ ಇಲ್ಲ. ದೊಡ್ಡ ಹೆಸರು ಮಾಡದ ಎಷ್ಟೋ ಮಂದಿ ಅಲ್ಲಿ ಕಲಿತು ಶಾಲೆಗಳಲ್ಲಿ ಸಂಗೀತ ಮಾಸ್ತರಾದರು, ಮದುವೆಯಾದರು, ಮನೆ ಕಟ್ಟಿಸಿದರು. ಕಣ್ಣಿಲ್ಲದ ಹುಡುಗ ಸಂಬಳ ತರುವ ಮನುಷ್ಯನಾಗಿ ತನ್ನೂರಿಗೆ ಹೋಗಿ ನಿಂತ. ನನಗೆ ಪದ್ಮಶ್ರೀಗಿಂತ ಇದು ಜಾಸ್ತಿ ದೊಡ್ಡದು.

ಈಗ ನಿಮ್ಮ ಹುಡುಗಿಯ ವಿಷಯ. ಕೇಳಿದರೆ ಸುಮ್ಮನೆ ನಿಲ್ಲುತ್ತಾಳೆ ಅಂದಿರಿ. ಅವಳು ಹೇಳದಿದ್ದರೂ ಕಾರಣಗಳು ನಿಮ್ಮ ಪತ್ರದಲ್ಲೇ ಇವೆ.

ಆರಕ್ಕೆ ಕ್ಲಾಸು, ಏಳಕ್ಕೆ ಕೊನೇ ಬಸ್ಸು. ಮಾಸ್ತರು ಬರುವುದು ಹತ್ತು ನಿಮಿಷ ತಡವಾದರೆ, ಬಸ್‌ಸ್ಟ್ಯಾಂಡಿಗೆ ಹದಿನೈದು ನಿಮಿಷ ನಡೆಯಬೇಕಿದ್ದರೆ, ಪಾಠ ಎಷ್ಟು ಸಿಕ್ಕಿತು? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅನ್ನೋದು ನಿಜ, ಅದರಿಂದ ಎಷ್ಟೋ ಹುಡುಗಿಯರು ಕಾಲೇಜು ಮುಟ್ಟಿದ್ದಾರೆ ಅನ್ನೋದೂ ನಿಜ, ಆದರೆ ಟಿಕೆಟ್ ಪುಕ್ಕಟೆ ಆದ ಮಾತ್ರಕ್ಕೆ ಎಂಟು ಗಂಟೆಗೆ ಇನ್ನೊಂದು ಬಸ್ಸು ಬರುವುದಿಲ್ಲ. ಬಸ್ಸು ತಪ್ಪಿದ ಸಂಜೆ ಹದಿನಾಲ್ಕರ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಲ್ಲಬೇಕು. ಅಂಥದ್ದು ಒಂದು ಸಲ ಆದರೂ ಸಾಕು, ಮನೆಯಲ್ಲಿ ಮರುದಿನ ಕಳಿಸುವುದಿಲ್ಲ.

ಇದು ನಮ್ಮ ಕಡೆ ಮಾತ್ರ ಅಲ್ಲ. ವೆನೆಜುವೆಲಾ ದೇಶದಲ್ಲಿ 1975ರಲ್ಲಿ ಅಬ್ರೆವು ಅನ್ನುವವರು ಬಡ ಮಕ್ಕಳನ್ನು ಸೇರಿಸಿ ವಾದ್ಯಮೇಳ ಕಟ್ಟಿದರು. ಎಲ್ ಸಿಸ್ತೆಮಾ ಅಂತ ಹೆಸರು. ಕ್ಲಾಸು ಪುಕ್ಕಟೆ, ವಾದ್ಯವೂ ಪುಕ್ಕಟೆ. ಲಕ್ಷಗಟ್ಟಲೆ ಮಕ್ಕಳು ಸೇರಿದರು, ಬೇರೆ ದೇಶದವರೆಲ್ಲ ಅದನ್ನು ನೋಡಿ ತಮ್ಮಲ್ಲೂ ಶುರು ಮಾಡಿದರು. ಅದರ ಮೇಲೆ ಮಾಡಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು, ಸುಮಾರು 2,900 ಮಕ್ಕಳ ಮೇಲೆ. ಕಲಿತ ಮಕ್ಕಳಿಗೆ ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳುವುದು ಸ್ವಲ್ಪ ಹೆಚ್ಚು ಬಂದಿತ್ತು, ಅದು ಒಳ್ಳೇದೇ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಲೆಕ್ಕ ಇದೆ. ಆ ಮಕ್ಕಳಿದ್ದ ಪ್ರಾಂತ್ಯಗಳಲ್ಲಿ ಬಡವರು ನೂರಕ್ಕೆ 46.5. ಸಂಗೀತಕ್ಕೆ ಹೆಸರು ಕೊಟ್ಟ ಮಕ್ಕಳಲ್ಲಿ ಬಡವರು ನೂರಕ್ಕೆ 16.7 ಮಾತ್ರ. ಬಡವರಿಗಾಗಿ ತೆರೆದ ಬಾಗಿಲಿನಲ್ಲಿ ಒಳಗೆ ಬಂದವರು ಹೆಚ್ಚಾಗಿ ಬಡವರಲ್ಲ. ಯಾಕೆ? ಮಗುವನ್ನು ದಿನಾ ಕರೆದುಕೊಂಡು ಹೋಗಿ ಬರಲು ಒಬ್ಬರು ಬೇಕು. ಅಷ್ಟು ಹೊತ್ತು ದುಡಿಮೆ ಬಿಡುವುದು ಇದ್ದವರಿಗೆ ಆಗುತ್ತದೆ, ಇಲ್ಲದವರಿಗೆ ಆಗುವುದಿಲ್ಲ.

ಎರಡನೆಯದು, ಮನೆಯಲ್ಲಿ ರಿಯಾಜ್, ಅಂದರೆ ಅಭ್ಯಾಸ. ಹಳೇ ಹುಬ್ಬಳ್ಳಿಯ ಒಂದು ತರಗತಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಂದೇ ಪೇಟಿ (ಹಾರ್ಮೋನಿಯಂ), ಸುತ್ತ ಮಕ್ಕಳು. ಸರದಿ ಬಂದಾಗ ಒಬ್ಬೊಬ್ಬರಿಗೂ ಐದಾರು ನಿಮಿಷ. ಮನೆಯಲ್ಲಿ ಪೇಟಿ ಇದ್ದ ಮಕ್ಕಳು ಮುಂದಿನ ಅಲಂಕಾರಕ್ಕೆ, ಅಂದರೆ ಮುಂದಿನ ಸ್ವರಪಾಠಕ್ಕೆ ಹೋಗಿದ್ದರು, ಉಳಿದವರು ಇನ್ನೂ ಹಿಂದಿನದರಲ್ಲೇ. ಗೋಡೆಗೆ ಒರಗಿ ಕೂತ ಒಬ್ಬ ಹುಡುಗ ಹಳೇ ಕ್ಯಾಲೆಂಡರಿನ ಬೆನ್ನಿಗೆ ಸ್ಕೆಚ್ ಪೆನ್ನಿನಿಂದ ಪೇಟಿಯ ಮನೆಗಳನ್ನು ಬರೆದುಕೊಂಡು ಬಂದಿದ್ದ. ಬಿಳಿ, ಕರಿ, ಅಳತೆ ಎಲ್ಲ ಸರಿಯಾಗಿತ್ತು. ಅದನ್ನು ನೆಲದ ಮೇಲೆ ಹಾಸಿ, ಬೆರಳಿನಿಂದ ಒತ್ತುತ್ತಾ, ಆಯಾ ಸ್ವರವನ್ನು ತಾನೇ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ. ಮಧ್ಯಮದ ಹತ್ತಿರ ಹೆಬ್ಬೆರಳು ಒಳಗೆ ತಿರುಗಿಸುವಲ್ಲಿ ಪ್ರತಿ ಸಲ ತಡವರಿಸುತ್ತಿದ್ದ, ಮತ್ತೆ ಷಡ್ಜಕ್ಕೆ ಬರುತ್ತಿದ್ದ. ಆ ಹುಡುಗನಿಗೆ ಬುದ್ಧಿ ಕಡಿಮೆಯಾ? ಶ್ರದ್ಧೆ ಕಡಿಮೆಯಾ? ಪರೀಕ್ಷೆಯ ದಿನ ಮಾತ್ರ ಅವನು "ಸ್ವಲ್ಪ ಹಿಂದೆ" ಅಂತ ಅನ್ನಿಸಿಕೊಳ್ಳುತ್ತಾನೆ. ಪುಕ್ಕಟೆ ಕ್ಲಾಸು ನಡೆಸುವವರು ಒಂದು ಹೊಸ ಪೇಟಿ ಕೊಳ್ಳುವ ದುಡ್ಡಿನಲ್ಲಿ ರಿಪೇರಿ ಮಾಡಿಸಿದ ಹಳೇವು ಎರಡು ತಂದು, ವಾರಕ್ಕೊಬ್ಬರಂತೆ ಮಕ್ಕಳ ಮನೆಗೆ ಕಳಿಸಬೇಕು. ಒಡೆದು ಹೋಗುತ್ತದೆ ಅಂತ ಹೆದರುತ್ತಾರೆ. ಒಡೆದರೆ ಕಟ್ಟಿಸಿದರಾಯಿತು!

ಮೂರನೆಯ ಕಾರಣ ನನ್ನನ್ನು ಬಹಳ ಕಾಡಿತು. ಮನೆಯಲ್ಲಿ ಕಲಿತಿದ್ದೆಲ್ಲ ಮರೆತು ಬಾ ಅಂದರಂತಲ್ಲ. ಸನಾದಿ ಊದುವ ಮನೆಯ ಹುಡುಗಿಗೆ! ಹುಟ್ಟಿದಾಗಿಂದ ಕಿವಿಗೆ ಸ್ವರ ಬಿದ್ದಿದೆ. ಅಪ್ಪ ಒಂದೇ ಉಸಿರಿನಲ್ಲಿ ಎಷ್ಟು ಹೊತ್ತು ಎಳೆಯುತ್ತಾನೆ, ಎಲ್ಲಿ ಬಿಡುತ್ತಾನೆ, ಜೊತೆಗೆ ಶ್ರುತಿ ಹಿಡಿಯುವವ ಏನು ಮಾಡುತ್ತಾನೆ, ಇದೆಲ್ಲ ಅವಳಿಗೆ ಯಾರೂ ಹೇಳಿಕೊಡದೇ ಬಂದಿದೆ. ನಮ್ಮ ಕಡೆ ಸನಾದಿ ಇಲ್ಲದೆ ಅಕ್ಕಿಕಾಳು ಬೀಳುವುದಿಲ್ಲ. ಆದರೆ ಊದುವವರು ಹಂದರದ ಹೊರಗೆ, ಊಟ ಕೊನೇ ಪಂಕ್ತಿಗೆ. ಅದೇ ಬಳಗದ ಶಹನಾಯಿಯನ್ನು ನುಡಿಸಿದ ಬಿಸ್ಮಿಲ್ಲಾ ಖಾನರಿಗೆ 2001ರಲ್ಲಿ ಭಾರತರತ್ನ ಕೊಟ್ಟೆವು. ಹಲಗೆ ಬಾರಿಸುವವರ ಮನೆ, ಚೌಡಿಕೆ ನುಡಿಸುವವರ ಮನೆ, ಡೊಳ್ಳಿನವರ ಮನೆ, ಇಲ್ಲೆಲ್ಲ ಮಕ್ಕಳು ಲಯ ಹೊತ್ತುಕೊಂಡೇ ಹುಟ್ಟುತ್ತಾರೆ. ಕ್ಲಾಸಿನಲ್ಲಿ ಅವರನ್ನು ಏನೂ ಬಾರದವರ ಸಾಲಿನಲ್ಲಿ ಕೂರಿಸಿದರೆ ನಾವು ಕಲಿಸುತ್ತಿರುವುದು ಸಂಗೀತ ಅಲ್ಲ, ನಿಮ್ಮಪ್ಪನ ವಿದ್ಯೆ ವಿದ್ಯೆಯಲ್ಲ ಅನ್ನೋ ಪಾಠ. ಮಾಸ್ತರು ಮೊದಲ ದಿನ "ನಿಮ್ಮಪ್ಪ ಊದೋದನ್ನು ಹಾಡಿ ತೋರಿಸವ್ವಾ, ಅದರಲ್ಲಿ ಯಾವ ರಾಗ ಇದೆ ನೋಡೋಣ" ಅಂದಿದ್ದರೆ ಆ ಹುಡುಗಿ ಬಿಡುತ್ತಿದ್ದಳಾ?

ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಈಗ ವಿಶ್ವವಿದ್ಯಾಲಯ ಇದೆ, ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗುರುಕುಲ ಇದೆ. ಆದರೆ ಧಾರವಾಡದಲ್ಲಿ ಅವರ ಬಾಲ್ಯ ಹೇಗಿತ್ತು? ಪಕ್ಕದವರ ತೋಟದ ಮಾವಿನಕಾಯಿ ಕಿತ್ತಾಗ ಆ ಮನೆಯವರಿಗೆ ಸಿಟ್ಟು ಬಂದದ್ದು ಕಳವಿಗಲ್ಲ, ಹಾಡುವವಳ ಮಗಳು ತೋಟಕ್ಕೆ ಕಾಲಿಟ್ಟಳು ಅಂತ. ಮುಂದೆ ಅದೇ ಜನ ಮನೆಗೆ ಕರೆದು ಊಟಕ್ಕೆ ಹಾಕಿದರು ಅಂತ ಅವರೇ ಹೇಳಿದ್ದಾರೆ. ಶಾಲೆ ಐದನೇತ್ತಕ್ಕೇ ನಿಂತಿತ್ತು. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಕೊನೆಗೆ 2002ರಲ್ಲಿ ಪದ್ಮವಿಭೂಷಣ. ನೋಡಿ, ಸಂಗೀತ ಅವರಿಗೆ ಮರ್ಯಾದೆ ತಂದುಕೊಟ್ಟಿತು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಮರ್ಯಾದೆ ಗಂಗೂಬಾಯಿ ಆಗದ, ಸುಮಾರಾಗಿ ಹಾಡುವ ಹುಡುಗಿಗೂ ಸಿಗಬೇಕಲ್ವಾ? ಸಮಾನತೆ ಅಂದರೆ ನನಗೆ ಅದು.

ಇಂಗ್ಲಿಷ್, ಕಂಪ್ಯೂಟರ್ ಬೇಕು ಅಂದಿರಿ. ಬೇಕು, ಅದರಲ್ಲಿ ಎರಡು ಮಾತಿಲ್ಲ. ಸಂಗೀತ ಕಲಿತರೆ ಗಣಿತ ಚಲೋ ಬರುತ್ತದೆ, ಬುದ್ಧಿ ಚುರುಕಾಗುತ್ತದೆ ಅಂತ ಹೇಳಿ ನಿಮ್ಮನ್ನು ಒಪ್ಪಿಸಲು ನಾನು ಹೋಗುವುದಿಲ್ಲ. ಸುಮಾರು 7,000 ಮಕ್ಕಳ ಮೇಲೆ ನಡೆದ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2020ರಲ್ಲಿ ಇಬ್ಬರು ಸಂಶೋಧಕರು ಪರಿಶೀಲಿಸಿದರು. ಸರಿಯಾಗಿ ಹೋಲಿಸಿ ನೋಡಿದ ಕಡೆ ಅಂಥ ಲಾಭ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇರಲಿ ಬಿಡಿ. ಉಳ್ಳವರು ತಮ್ಮ ಮಕ್ಕಳಿಗೆ ಸಂಗೀತ ಕಲಿಸುವಾಗ ಗಣಿತದ ಮಾರ್ಕ್ಸ್ ಲೆಕ್ಕ ಹಾಕುತ್ತಾರಾ? ಇಲ್ಲ. ಮಗು ಹಾಡಲಿ ಅಂತ ಕಲಿಸುತ್ತಾರೆ. ಬಡವರ ಮಗು ಹಾಡುವುದಕ್ಕೆ ಮಾತ್ರ ಏನಾದರೂ ಉಪಯೋಗ ತೋರಿಸಬೇಕು ಅನ್ನೋದು ಯಾವ ನ್ಯಾಯ?

ಇನ್ನು ಆ ಹುಡುಗಿಗೆ ಏನು ಮಾಡಬಹುದು ಅನ್ನೋದಕ್ಕೆ ಬರುತ್ತೇನೆ.

ಆ ಕ್ಲಾಸಿನವರ ಹತ್ತಿರ ಹೋಗಿ ಭಾನುವಾರ ಮುಂಜಾನೆ ಪಾಠ ಕೇಳಿ. ವಾರಕ್ಕೆ ಒಂದೇ ದಿನ ಆದರೂ ಬೆಳಕಿನಲ್ಲಿ ಎರಡು ತಾಸು ಸಿಕ್ಕರೆ ಸಾಕು. ಒಬ್ಬಳೇ ಹೋಗುವುದು ಬೇಡ, ಹಾಡುವ ಇನ್ನಿಬ್ಬರು ಹುಡುಗಿಯರನ್ನು ಜೊತೆ ಮಾಡಿ. ಬುತ್ತಿ ಕಟ್ಟಿಸಿ, ಇಲ್ಲದಿದ್ದರೆ ಅಲ್ಲೇ ತಿನ್ನಲು ಏನಾದರೂ ವ್ಯವಸ್ಥೆ ಮಾಡಿಸಿ, ಅದಕ್ಕೆ ನಮ್ಮ ಓದುಗರಲ್ಲಿ ಕೈಜೋಡಿಸುವವರು ಸಿಗುತ್ತಾರೆ. ನಿಮ್ಮೂರ ಭಜನಾ ಮಂಡಳಿಯ ಪೇಟಿ ವಾರದಲ್ಲಿ ಆರು ದಿನ ಬಟ್ಟೆ ಹೊದ್ದು ಕೂತಿರುತ್ತದೆ, ಅದನ್ನು ಶಾಲೆಗೆ ತರಿಸಿ. ಗುಡಿಯಲ್ಲೇ ಬಂದು ನುಡಿಸಲಿ ಅಂತ ಅವರು ಅನ್ನಬಹುದು. ಆ ಹುಡುಗಿಯನ್ನು ಒಳಗೆ ಬಿಡುತ್ತಾರಾ ಅನ್ನೋದು ನಿಮಗೇ ಗೊತ್ತು, ಹಾಗಾಗಿ ಶಾಲೆಗೇ ಅಂತ ಗಟ್ಟಿಯಾಗಿ ಕೇಳಿ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಕಡೆಯಿಂದ ಒಂದು ಪತ್ರ ಮಾಡಿಸಿದರೆ ಕೊಡುತ್ತಾರೆ. ಸಂಗೀತ ಪರೀಕ್ಷೆ ನಡೆಸುವ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ ಪರೀಕ್ಷೆಗೆ ಈಗಿಂದಲೇ ತಯಾರಿ ಆಗಲಿ, ಕೈಯಲ್ಲಿ ಒಂದು ಕಾಗದ ಇದ್ದರೆ ಮುಂದೆ ಅನುಕೂಲ. ಪಿಯುಸಿ ಮುಗಿದ ಮೇಲೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯ ಇದೆ, ಊಟ ವಸತಿಗೆ ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಇವೆ. ಅಷ್ಟರೊಳಗೆ ಜಾತಿ, ಆದಾಯದ ಪ್ರಮಾಣಪತ್ರ ಮಾಡಿಸಿ ಇಡಿ, ಆ ಹೊತ್ತಿಗೆ ಓಡಾಡುವುದು ಬೇಡ.

ಮತ್ತೆ ಅವಳ ಅಪ್ಪನನ್ನು ಒಂದು ದಿನ ಶಾಲೆಗೆ ಕರೆಸಿ. ಬುದ್ಧಿ ಹೇಳಲು ಅಲ್ಲ. ಮಕ್ಕಳ ಮುಂದೆ ಕುರ್ಚಿ ಹಾಕಿ ಕೂರಿಸಿ, ಸನಾದಿ ಊದಿಸಿ, ಪೀಪಿ ಹೇಗೆ ಕಟ್ಟುತ್ತಾರೆ, ಉಸಿರು ಹೇಗೆ ಹಿಡಿಯುತ್ತಾರೆ ಅಂತ ಕೇಳಿಸಿ. ಸಂಭಾವನೆ ಕೊಡಿ. ಆ ದುಡ್ಡನ್ನು ಪತ್ರಿಕೆಯಿಂದ ನಾವು ಕಳಿಸುತ್ತೇವೆ, ದಿನ ಯಾವುದು ಅಂತ ಮಾತ್ರ ತಿಳಿಸಿ. ಮದುವೆ ಸೀಜನ್ ಬಿಟ್ಟು ಇಟ್ಟುಕೊಳ್ಳಿ, ಅವರ ದುಡಿಮೆ ತಪ್ಪಬಾರದು.

— ಸಂಪಾದಕ