ಓದುಗರ ಪ್ರಶ್ನೆ: ಇದೂ ಒಂದು ಸ್ಟ್ರೆಸ್ಸಾ?

ಪ್ರಶ್ನೆ: ಸರ್, ಮಗಳು ಎಂಎಸ್ಸಿ ಬಯೋಕೆಮಿಸ್ಟ್ರಿ ಮುಗಿಸಿ ರೆಡಾಕ್ಸ್ ಬಯಾಲಜಿಲೇ ಪಿಎಚ್‌ಡಿ ಮಾಡ್ತೀನಿ ಅಂತ ಕೂತಿದಾಳೆ. ಏನಮ್ಮ ಅದು ಅಂದ್ರೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತಾಳೆ. ಸ್ಟ್ರೆಸ್ ಬೇಕಾದ್ರೆ ನನ್ನ ಮೇಲೇ ರಿಸರ್ಚ್ ಮಾಡು ಅಂದೆ. ಇಷ್ಟು ಸಣ್ಣ ವಿಷಯಕ್ಕೆ ಜೀವಮಾನ ಪೂರ್ತಿ ಕೆಲಸ ಇರುತ್ತಾ? (ಒಬ್ಬ ತಂದೆ, ದಾವಣಗೆರೆ)

ಉತ್ತರ: ನಿಮ್ಮದು ಮನಸ್ಸಿನ ಸ್ಟ್ರೆಸ್ ಸರ್, ಇದು ಜೀವಕೋಶದ್ದು. ಬಾಳೆಕಾಯಿ ಹೆಚ್ಚಿ ಹಾಗೇ ಬಿಟ್ರೆ ಕಪ್ಪಾಗುತ್ತೆ ಅಂತ ಮಜ್ಜಿಗೆ ನೀರಿಗೆ ಹಾಕ್ತಾರಲ್ಲ, ಅಲ್ಲಿ ಕೆಲಸ ಮಾಡೋದು ಆಕ್ಸಿಜನ್. ನಾವು ಉಸಿರಾಡೋದೂ ಅದನ್ನೇ, ಆದ್ರೆ ಒಳಗೆ ಹೋದದ್ರಲ್ಲಿ ಸ್ವಲ್ಪ ಒಂದು ಎಲೆಕ್ಟ್ರಾನ್ ಜಾಸ್ತಿ ಹಿಡ್ಕೊಂಡು ಸೂಪರಾಕ್ಸೈಡ್ ಆಗಿ ಕೂರುತ್ತೆ. ಇಂಥವು ದೇಹದ ಕಾವಲನ್ನ ಮೀರಿದ್ರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ಈ ಹೆಸರನ್ನ ಚಾಲ್ತಿಗೆ ತಂದ್ರು.

ಜೀವಮಾನ ಪೂರ್ತಿ ಕೆಲಸ ಇರುತ್ತಾ ಅಂದ್ರಲ್ಲ, ಅರ್ವಿನ್ ಫ್ರಿಡೊವಿಚ್ ಕಥೆ ಹೇಳ್ತೀನಿ. 1929ರಲ್ಲಿ ನ್ಯೂಯಾರ್ಕಲ್ಲಿ ಹುಟ್ಟಿದ್ರು, 1955ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಲಿ ಪಿಎಚ್‌ಡಿ, ಆಮೇಲೆ ಅಲ್ಲೇ ಬೇರು ಬಿಟ್ರು. ಹಾಲಿಂದ ತೆಗೆದ ಕ್ಸಾಂತೀನ್ ಆಕ್ಸಿಡೇಸ್ ಅನ್ನೋ, ರಾಸಾಯನಿಕ ಕ್ರಿಯೆ ಚುರುಕು ಮಾಡೋ ಎನ್‌ಝೈಮ್ ಇಟ್ಕೊಂಡು ವರ್ಷಗಟ್ಟಲೆ ಒದ್ದಾಡಿದ್ರು. ಅದನ್ನ ಅದರ ಆಹಾರವಾದ ಕ್ಸಾಂತೀನ್ ಮತ್ತು ಸೈಟೋಕ್ರೋಮ್ ಸಿ ಅನ್ನೋ ಪ್ರೋಟೀನ್ ಜೊತೆ ಬೆರೆಸಿದ್ರೆ, ಅಲ್ಲಿ ಹುಟ್ಟೋ ಸೂಪರಾಕ್ಸೈಡಿಂದ ದ್ರಾವಣ ಗುಲಾಬಿಗೆ ತಿರುಗುತ್ತೆ, ಎಷ್ಟು ಬೇಗ ತಿರುಗ್ತು ಅಂತ ಮೆಷಿನ್ನಲ್ಲಿ 550 ನ್ಯಾನೋಮೀಟರ್ ಬೆಳಕಲ್ಲಿ ಅಳೀತಾರೆ. ಕಾರ್ಬೋನಿಕ್ ಆನ್‌ಹೈಡ್ರೇಸ್ ಅನ್ನೋ ಪ್ರೋಟೀನ್ ಹಾಕಿದ್ರೆ ಮಾತ್ರ ಬಣ್ಣ ತಿರುಗೋದು ನಿಂತುಹೋಗ್ತಿತ್ತು. ಆ ಪ್ರೋಟೀನ್‌ಗೂ ಇದಕ್ಕೂ ಸಂಬಂಧವೇ ಇಲ್ಲ!

ಅವರ ಸ್ಟೂಡೆಂಟ್ ಜೋ ಮೆಕಾರ್ಡ್ ಹಿಂದೆ ಬಿದ್ದು ನೋಡಿದ್ರೆ, ತಡೀತಿದ್ದದ್ದು ಆ ಪ್ರೋಟೀನ್ ಅಲ್ಲ, ಬಾಟಲಿಲಿ ಅದರ ಜೊತೆ ಬೆರಕೆಯಾಗಿ ಬಂದಿದ್ದ ಇನ್ನೊಂದು. ಹಸುವಿನ ರಕ್ತದಿಂದ ಅದನ್ನ ಬೇರೆ ಮಾಡಿದ್ರು, ನೀಲಿ ಹಸಿರು ಬಣ್ಣ, ಒಳಗೆ ತಾಮ್ರ. ತಮಾಷೆ ಏನಂದ್ರೆ ಇಂಗ್ಲೆಂಡಲ್ಲಿ ಮ್ಯಾನ್ ಮತ್ತು ಕೀಲಿನ್ ಅನ್ನೋ ವಿಜ್ಞಾನಿಗಳು 1938ರಲ್ಲೇ ಇದನ್ನ ತೆಗೆದಿಟ್ಟಿದ್ರು, ಕೆಲಸ ಏನು ಅಂತ ಮಾತ್ರ ಯಾರಿಗೂ ಗೊತ್ತಾಗದೆ 30 ವರ್ಷ ಹಾಗೇ ಬಿದ್ದಿತ್ತು. ಸೂಪರಾಕ್ಸೈಡನ್ನ ಆಕ್ಸಿಜನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಾಡೋದೇ ಅದರ ಕೆಲಸ ಅಂತ ಗುರು ಶಿಷ್ಯ 1969ರಲ್ಲಿ ಬರೆದ್ರು, ಸೂಪರಾಕ್ಸೈಡ್ ಡಿಸ್‌ಮ್ಯುಟೇಸ್ ಅಂತ ಹೆಸರಿಟ್ರು. ಮರುವರ್ಷ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮ್ಯಾಂಗನೀಸ್ ಇರೋ ಇನ್ನೊಂದು ಸಿಕ್ತು. 1993ರಲ್ಲಿ ಎಎಲ್‌ಎಸ್ ಅನ್ನೋ ನರರೋಗ ವಂಶದಲ್ಲೇ ಬರೋ ಕೆಲವು ಕುಟುಂಬಗಳಲ್ಲಿ ತಾಮ್ರ ಇರೋ ಮೊದಲಿನ ಎನ್‌ಝೈಮ್‌ನ ಜೀನ್ ಕೆಟ್ಟಿರೋದು ಗೊತ್ತಾಯ್ತು. ಫ್ರಿಡೊವಿಚ್ ತೀರಿಕೊಂಡಿದ್ದು 2019ರಲ್ಲಿ, ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಬೆಂಗಳೂರಿನ ಐಐಎಸ್ಸಿಲಿ ಜಿ. ಮುಗೇಶ್ ಅವರ ಲ್ಯಾಬ್ ಇಂಥ ಎನ್‌ಝೈಮ್‌ಗಳ ಕೆಲಸ ಮಾಡೋ ನ್ಯಾನೋ ವಸ್ತುಗಳನ್ನೇ ಮಾಡಿದೆ, ಮಗಳಿಗೆ ಹೇಳಿ. ಒಂದು ಮಾತು, ರಿಸಲ್ಟ್ ಸರಿ ಬರಲಿಲ್ಲ ಅಂತ ಅವಳು ಮುಖ ಸಪ್ಪಗೆ ಮಾಡ್ಕೊಂಡು ಮನೆಗೆ ಬರೋ ದಿನಗಳು ಬೇಕಾದಷ್ಟಿರ್ತವೆ, ಆಗ ಮದುವೆ ವಿಷಯ ಎತ್ತಬೇಡಿ.

ಪ್ರಶ್ನೆ: ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡ್ರೆ ಬೇಗ ವಯಸ್ಸಾಗಲ್ವಂತೆ, ನಿಜನಾ? ನಮ್ಮ ಯಜಮಾನ್ರು ಸಿಗರೇಟ್ ಬಿಡ್ತಿಲ್ಲ, ಅವರಿಗಾದ್ರೂ ಕೊಡಲಾ? (ಒಬ್ಬ ಗೃಹಿಣಿ, ಶಿರಸಿ)

ಉತ್ತರ: ಅಮ್ಮ, ಅವರಿಗಂತೂ ಕೊಡಲೇಬೇಡಿ. ಫಿನ್ಲೆಂಡಲ್ಲಿ 29,133 ಜನ ಸಿಗರೇಟ್ ಸೇದೋ ಗಂಡಸರ ಮೇಲೆ ಪರೀಕ್ಷೆ ಮಾಡಿದ್ರು, ಬೀಟಾ ಕ್ಯಾರೊಟಿನ್ ಅನ್ನೋ ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗೋದಿರ್ಲಿ, 18% ಜಾಸ್ತಿ ಆಯ್ತು, 1994ರಲ್ಲಿ ವರದಿ ಬಂತು. ವಯಸ್ಸಿನ ಮಾತು ಡೆನ್‌ಹ್ಯಾಂ ಹಾರ್ಮನ್ 1956ರಲ್ಲಿ ಹೇಳಿದ ಫ್ರೀ ರ‍್ಯಾಡಿಕಲ್ ಸಿದ್ಧಾಂತದಿಂದ (ಸೂಪರಾಕ್ಸೈಡ್ ತರದವು ಜೀವಕೋಶ ಕೆಡಿಸೋದ್ರಿಂದಲೇ ಮುಪ್ಪು ಬರುತ್ತೆ ಅನ್ನೋ ವಾದ) ಹುಟ್ಟಿದ್ದು, ಮಾತ್ರೆ ಮಾರೋರಿಗೆ ಅಷ್ಟು ಸಾಕಾಯ್ತು. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲೋಕೆ ಇದೇ ಸೂಪರಾಕ್ಸೈಡ್ ಬಳಸ್ತವೆ, ಪೂರ್ತಿ ಒರೆಸಿಹಾಕಿದ್ರೆ ನಮಗೇ ಕಷ್ಟ. ಮಾತ್ರೆ ದುಡ್ಡಲ್ಲಿ ನೆಲ್ಲಿಕಾಯಿ, ಸೊಪ್ಪು ತನ್ನಿ, ಯಜಮಾನ್ರನ್ನ ಸಿಗರೇಟ್ ಬಿಡಿಸೋ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.